ಕಣ್ಣೆದುರಿನ ಹನ್ನೊಂದು ಸಹಿ

ಕೆಂಬಲ್ ಸ್ಪ್ರಿಂಗ್ಸ್ ಊರಿನ ಲೈಸೆನ್ಸ್ ಆಫೀಸಿಗೆ ಇರುವುದು ಒಂದೇ ಬಾಗಿಲು. ಬಂದವರೆಲ್ಲ ಅದರಲ್ಲೇ ಒಳಗೆ ಹೋಗಬೇಕು, ಅದರಲ್ಲೇ ಹೊರಗೆ ಬರಬೇಕು. ಹೊರಗೆ ಬರುವಷ್ಟರಲ್ಲಿ ಅರ್ಧ ದಿನ ಸರದಿಯಲ್ಲಿ ನಿಂತು ರೇಗಿಹೋಗಿರುತ್ತಾರೆ. ಸರ್ಕಾರಕ್ಕೆ ಹೇಗಾದರೂ ಬುದ್ಧಿ ಕಲಿಸಬೇಕು ಅನ್ನಿಸುತ್ತಿರುತ್ತದೆ. ಸಹಿ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಡೀ ಟಾಲಿವರ್ ಕೌಂಟಿಯಲ್ಲಿ ಇನ್ನೊಂದಿಲ್ಲ. ಬಾಗಿಲಿನ ಎಡಗಡೆಯ ಜಾಗ ಇಪ್ಪತ್ತಮೂರು ವರ್ಷದಿಂದ ವರ್ನಾ ಟಿಬ್ಸಳದ್ದು. ಅದನ್ನು ಯಾರೂ ಅವಳಿಗೆ ಬರೆದುಕೊಟ್ಟಿರಲಿಲ್ಲ, ಆದರೆ ಊರಿಗೆಲ್ಲ ಗೊತ್ತಿತ್ತು.

ಅವಳ ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಯಾರಿಗೋ ಒಂದು ಕಾನೂನು ಬೇಕಾಗುತ್ತದೆ. ಅವರು ಲಕ್ಷಗಟ್ಟಲೆ ಮತದಾರರ ಸಹಿ ತಂದು ಒಪ್ಪಿಸಿದರೆ ಆ ಪ್ರಶ್ನೆ ನವೆಂಬರಿನ ಮತಪತ್ರದಲ್ಲಿ ಅಚ್ಚಾಗುತ್ತದೆ, ಜನ ಬೇಕು ಅಥವಾ ಬೇಡ ಅನ್ನುತ್ತಾರೆ. ಲಕ್ಷ ಸಹಿ ತಾನಾಗಿ ಬಂದು ಬೀಳುವುದಿಲ್ಲವಲ್ಲ, ಅದಕ್ಕೆ ಕಂಪನಿಗಳಿವೆ. ಕಂಪನಿ ವರ್ನಾಳಂಥವರಿಗೆ ಸಹಿಗೆ ಇಷ್ಟು ಎಂದು ಕೊಡುತ್ತದೆ. ಒಂದು ವರ್ಷ ಹೆಂಡದ ಮೇಲಿನ ತೆರಿಗೆ, ಇನ್ನೊಂದು ವರ್ಷ ನಾಯಿ ಸಾಕುವವರ ನಿಯಮ, ಈ ವರ್ಷ ನದಿ ದಡದಲ್ಲಿ ಜೂಜುಕಟ್ಟೆ. ಅರ್ಜಿಯಲ್ಲಿ ಇರುವುದರ ಬಗ್ಗೆ ವರ್ನಾಗೆ ತನ್ನದೇ ಅಭಿಪ್ರಾಯ ಇದ್ದರೂ ಅದನ್ನು ಊಟದ ಡಬ್ಬಿಯ ಜೊತೆ ಕಾರಿನಲ್ಲೇ ಬಿಟ್ಟು ಬರುತ್ತಿದ್ದಳು.

ಇದಕ್ಕೆ ಮೊದಲು ಹನ್ನೊಂದು ವರ್ಷ ಅವಳು ಕೋಳಿ ಕಾರ್ಖಾನೆಯಲ್ಲಿ ನಿಂತು ರೆಕ್ಕೆ ಕತ್ತರಿಸಿದವಳು. ಆ ಹನ್ನೊಂದು ವರ್ಷ ಅವಳ ಎರಡೂ ಮಣಿಕಟ್ಟುಗಳನ್ನು ತಿಂದುಹಾಕಿತ್ತು. ಈಗ ಐವತ್ತೆಂಟರಲ್ಲಿ ಹಾಲಿನ ಕ್ಯಾನು ಎತ್ತಲು ಎರಡು ಕೈ ಬೇಕು. ಪೆನ್ನು ಹಿಡಿಯಬಲ್ಲಳು, ಮಾತಾಡಬಲ್ಲಳು, ಬೈಸಿಕೊಂಡು ನಗಬಲ್ಲಳು. ಆ ಮೂರಕ್ಕೆ ಸಂಬಳ ಕೊಡುವ ಕೆಲಸ ಆ ಊರಿನಲ್ಲಿ ಇದೊಂದೇ ಇತ್ತು.

ಆ ಮಾರ್ಚಿನಲ್ಲಿ ಬಾಗಿಲಿನ ಬಲಗಡೆಗೆ ಮಿಸೆಸ್ ಲೊವೆಟ್ ಬಂದು ನಿಂತರು. ಮಡಚುವ ಕುರ್ಚಿ, ಬಿಸಿಲಿಗೆ ಟೋಪಿ, ಕೊರಳಿಗೆ ನೂಲು ಕಟ್ಟಿಕೊಂಡ ಕನ್ನಡಕ. ಮುಂದೆ ರಟ್ಟಿನ ಮೇಲೆ ಅವರದೇ ದುಂಡನೆಯ ಅಕ್ಷರ: 'ಸಹಿಗೆ ಕಾಸು ಕೊಡುವುದು ನಿಲ್ಲಲಿ. ಇಲ್ಲಿ ನಿಂತವರು ಯಾರೂ ಕಾಸು ಪಡೆದಿಲ್ಲ.' ಅಂದರೆ ಸಹಿ ಸಂಗ್ರಹಿಸುವವರಿಗೆ ಹಣ ಕೊಡಬಾರದು ಎಂಬ ಕಾನೂನಿಗೆ ಅವರು ಸಹಿ ಸಂಗ್ರಹಿಸುತ್ತಿದ್ದರು. ವರ್ನಾಳ ಹೊಟ್ಟೆಯ ಮೇಲೆ ಹೊಡೆಯುವ ಅರ್ಜಿ ವರ್ನಾಳಿಂದ ನಾಲ್ಕು ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿತ್ತು.

ಮಿಸೆಸ್ ಲೊವೆಟ್ ಎಪ್ಪತ್ತನಾಲ್ಕು ವರ್ಷದವರು. ಊರಿನ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಪೌರನೀತಿ ಕಲಿಸಿದವರು. ವರ್ನಾ ಅವರ ತರಗತಿಯಲ್ಲಿ ಹಿಂದಿನ ಬೆಂಚಿನವಳು; ಅವಳಿಗೆ ಅವರು ಪರೀಕ್ಷೆಯಲ್ಲಿ ಡಿ ಗ್ರೇಡು ಕೊಟ್ಟಿದ್ದರು. ನಲವತ್ತು ವರ್ಷದ ಮೇಲೂ ವರ್ನಾ ಅದನ್ನು ಮರೆತಿರಲಿಲ್ಲ. ಮಿಸೆಸ್ ಲೊವೆಟ್‌ಗೆ ಅದು ನೆನಪೇ ಇರಲಿಲ್ಲ, ಅದು ವರ್ನಾಗೆ ಇನ್ನೂ ಹೆಚ್ಚು ಉರಿಯುತ್ತಿತ್ತು.

"ಇವತ್ತು ಎಷ್ಟಾಯ್ತು ಟೀಚರ್?" ಎಂದು ಅವಳು ಬೆಳಿಗ್ಗೆ ಬೆಳಿಗ್ಗೆಯೇ ಕೆಣಕುವಳು.

"ನಾನು ಎಣಿಸೋಕೆ ನಿಂತಿಲ್ಲಮ್ಮ."

"ನೀವು ಎಣಿಸದೇ ಇದ್ರೂ ರಾಜಧಾನೀಲಿ ಎಣಿಸ್ತಾರೆ ಬಿಡಿ."

"ಎಣಿಸ್ಲಿ. ಅವರು ಎಣಿಸೋದ್ರಲ್ಲಿ ಒಂದೂ ಸುಳ್ಳು ಸಹಿ ಇರಲ್ಲ. ಕಾಸು ಕೊಟ್ಟ ಕಡೆ ಸುಳ್ಳು ತಾನಾಗೇ ಬರುತ್ತೆ ವರ್ನಾ. ನಿನ್ನನ್ನ ಅಂತಿಲ್ಲ, ಸಾಮಾನ್ಯವಾಗಿ ಹೇಳ್ದೆ."

"ಸಾಮಾನ್ಯದಲ್ಲಿ ನಾನೂ ಇದೀನಲ್ಲ ಟೀಚರ್."

ಮಿಸೆಸ್ ಲೊವೆಟ್ ತಮ್ಮ ಫ್ಲಾಸ್ಕಿನಿಂದ ಒಂದು ಲೋಟ ಕಾಫಿ ಬಗ್ಗಿಸಿ ಇವಳಿಗೆ ಕೊಟ್ಟರು. ಇವಳು ಕುಡಿದಳು. ಕಾಫಿಯ ಮೇಲೆ ಇವಳಿಗೆ ಜಗಳವಿರಲಿಲ್ಲ.

ಇವರ ಕಸುಬಿನಲ್ಲಿ ಒಂದು ಕಟ್ಟಳೆ ಇದೆ, ಕಥೆ ನಿಂತಿರುವುದೇ ಅದರ ಮೇಲೆ. ಪುಟ ತುಂಬಿದ ಮೇಲೆ, ಅದನ್ನು ಹಿಡಿದು ನಿಂತವರು ನೋಟರಿಯ ಮುಂದೆ ಬಲಗೈ ಎತ್ತಿ ಪ್ರಮಾಣ ಮಾಡಬೇಕು: ಈ ಪುಟದ ಪ್ರತಿ ಸಹಿಯನ್ನೂ ಸಹಿದಾರರು ನನ್ನ ಕಣ್ಣೆದುರಿಗೇ ಹಾಕಿದರು, ಎಂದು. ಪುಟಕ್ಕೊಂದು ಪ್ರಮಾಣ. ಒಂದು ಪುಟಕ್ಕೆ ಒಬ್ಬರೇ. ವರ್ನಾ ಎಷ್ಟೋ ಸಾವಿರ ಸಲ ಕೈ ಎತ್ತಿದ್ದಳು, ಒಂದು ಸಲವೂ ಸುಳ್ಳು ಹೇಳಿರಲಿಲ್ಲ. ಉಚ್ಚೆಗೆ ಅವಸರವಾದರೆ ಪುಟ ಸಿಕ್ಕಿಸಿದ ಪ್ಯಾಡನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡುವಳು. ಪ್ಯಾಡನ್ನು ಒಂಟಿಯಾಗಿ ಬಿಡಬಾರದು ಎಂಬುದು ಅವಳಿಗೆ ಮೊದಲ ದಿನವೇ ಕಲಿಸಿದ್ದ ಪಾಠ. ಕಾಸು ಪಡೆಯುವವರನ್ನು ಎಲ್ಲರೂ ಅನುಮಾನದಿಂದ ನೋಡುವುದರಿಂದ ಅವರಿಗೆ ಇಂಥವೆಲ್ಲ ಬೇಗ ಮೈಗೆ ಹತ್ತುತ್ತವೆ.

ಏಪ್ರಿಲ್ ಕೊನೆಯ ಮಂಗಳವಾರ ಲೈಸೆನ್ಸ್ ಆಫೀಸಿನ ಕಂಪ್ಯೂಟರುಗಳು ಕೈಕೊಟ್ಟವು. ಸರದಿ ಬಾಗಿಲು ದಾಟಿ ಹೊರಗೆ ಬಂತು, ಕಟ್ಟಡ ಸುತ್ತಿ ಡಾಗ್‌ವುಡ್ ಮರದ ಬುಡದವರೆಗೂ ಬೆಳೆಯಿತು. ನಾಲ್ಕೂಕಾಲಿನ ಹೊತ್ತಿಗೆ ಮಿಸೆಸ್ ಲೊವೆಟ್‌ರ ಪುಟವೊಂದು ತುಂಬಿತು. ಅವರು ಅದನ್ನು ಚೀಲಕ್ಕೆ ಹಾಕಿ, ಹೊಸ ಪುಟ ಸಿಕ್ಕಿಸಿ, ಪ್ಯಾಡನ್ನು ತಮ್ಮ ಕುರ್ಚಿಯ ಮೇಲೆ ಇಟ್ಟರು. ಪೆನ್ನು ದಾರದಲ್ಲಿ ನೇತಾಡುತ್ತಿತ್ತು.

"ಬಂಕಿನ ತನಕ ಹೋಗಿ ಬರ್ತೀನಿ," ಎಂದರು. ಆಫೀಸಿನ ಬಚ್ಚಲು ನೌಕರರಿಗೆ ಮಾತ್ರ. ಪೆಟ್ರೋಲ್ ಬಂಕು ಎರಡು ಬೀದಿ ಆಚೆ.

ಅವರು ಅತ್ತ ಹೋದರು, ಇತ್ತ ಜನ ಕುರ್ಚಿಯ ಹತ್ತಿರ ಬಂದರು. ಸರದಿಯಲ್ಲಿದ್ದವರಲ್ಲಿ ಅರ್ಧ ಜನ ಅವರ ಶಿಷ್ಯರೇ. ಮರದ ಅಡ್ಡೆಯ ವಿಲ್ಬರ್ ಮೊದಲು ಬಗ್ಗಿ, ದನದ ಕೊಟ್ಟಿಗೆಯಷ್ಟು ದೊಡ್ಡ ಸಹಿ ಹಾಕಿದ. "ಲೊವೆಟ್ ಟೀಚರ್ ಅಂದ್ಮೇಲೆ ಓದೋದೇನಿದೆ?" ಎಂದ. ಅವನ ಹಿಂದೆ ಒಬ್ಬರಾದ ಮೇಲೆ ಒಬ್ಬರು. ವರ್ನಾ ತನ್ನ ಜೂಜುಕಟ್ಟೆಯ ಅರ್ಜಿ ಹಿಡಿದು ಎಡಗಡೆ ನಿಂತು ನೋಡುತ್ತಿದ್ದಳು. ಮೊದಲು ಅವಳಿಗೆ ನಗು ಬಂತು. ಯಜಮಾನಿ ಇಲ್ಲದ ಅಂಗಡಿಯಲ್ಲಿ ವ್ಯಾಪಾರ ನಡೆದಿತ್ತು.

ಆಮೇಲೆ ಪಕ್ಕದ ಕೌಂಟಿಯ ಗಿಡ್ಡನೊಬ್ಬ ಪೆನ್ನಿಗೆ ಕೈ ಹಾಕಿದ. ವರ್ನಾಗೆ ಅವನ ಗಾಡಿಯ ಗುರುತಿತ್ತು. ಒಂದು ಪುಟದಲ್ಲಿ ಒಂದೇ ಕೌಂಟಿಯವರು ಇರಬೇಕು.

"ಏ ಮಾರಾಯ, ನಿನ್ನ ಕೌಂಟಿ ಪುಟ ಬೇರೆ. ಇದನ್ನ ಕೆಡಿಸಬೇಡ," ಎಂದು ಅವಳ ಬಾಯಿಂದ ಬಂದೇಬಿಟ್ಟಿತು. ಅವನು ಪೆನ್ನು ಬಿಟ್ಟ.

ಕೊನೆಗೆ ಬಂದವಳು ಯೂಲಾಲಿಯಾ. ಕೋಳಿ ಕಾರ್ಖಾನೆಯಲ್ಲಿ ನೆಲ ತೊಳೆಯುವ ಹೆಂಗಸು, ಗ್ವಾಟೆಮಾಲಾದಿಂದ ಬಂದು ಹದಿನೇಳು ವರ್ಷ, ಪೌರತ್ವ ಸಿಕ್ಕಿ ಮೂರು ತಿಂಗಳು. ಸರದಿಯಲ್ಲಿ ತನ್ನ ಜಾಗ ಬಿಟ್ಟು ಬಂದು ಅರ್ಜಿಯ ಸಣ್ಣ ಅಕ್ಷರವನ್ನೆಲ್ಲ ಬೆರಳಿಟ್ಟು ಓದಿದಳು. ಉಳಿದ ಹತ್ತು ಜನ ಸೇರಿ ಓದಿದ್ದಕ್ಕಿಂತ ಅದು ಹೆಚ್ಚು. ಓದಿ ಮುಗಿಸಿ ತಾರೀಕಿನ ಕಡೆ ಬೆರಳಿಟ್ಟು ವರ್ನಾಳನ್ನು ಕೇಳಿದಳು:

"ಇಲ್ಲಿ ಹುಟ್ಟಿದ ದಿನ ಹಾಕ್ಬೇಕಾ ಅಕ್ಕಾ?"

"ಅಲ್ಲ, ಇವತ್ತಿನ ದಿನ. ವಿಳಾಸ, ನೀನು ವೋಟಿಗೆ ಹೆಸರು ಬರೆಸಿದ್ದೀಯಲ್ಲ, ಅದೇ ಹಾಕು. ನಿಧಾನವಾಗಿ ಬರಿ, ಪೆಟ್ಟಿಗೆಯಿಂದ ಆಚೆ ಹೋಗಬೇಡ."

ಯೂಲಾಲಿಯಾ ನಿಧಾನವಾಗಿಯೇ ಬರೆದಳು. ಬರೆದು, ಸ್ವಲ್ಪ ಹಿಂದೆ ಸರಿದು ತನ್ನ ಹೆಸರನ್ನು ನೋಡಿದಳು. "ಇದೇ ಮೊದಲ್ನೇದು," ಎಂದು ನಕ್ಕು ಸರದಿಯ ಕೊನೆಗೆ ಹೋಗಿ ನಿಂತಳು.

ತಾನು ಮಾಡಿದ್ದೇನು ಎಂದು ವರ್ನಾಗೆ ಆಗ ಹೊಳೆಯಿತು. ತನ್ನ ಅನ್ನ ಕಸಿಯುವ ಅರ್ಜಿಗೆ, ತನ್ನ ಕಣ್ಣೆದುರಿಗೆ, ಬಿಟ್ಟಿಯಾಗಿ ಸಹಿ ಹಾಕಿಸಿದ್ದಳು. ಕಸುಬಿನವರ ಚಾಳಿ ಅದು. ಪೆನ್ನು ಹಿಡಿದವರು ತಪ್ಪು ಜಾಗದಲ್ಲಿ ಬರೆಯುವುದನ್ನು ಅವರಿಗೆ ನೋಡಿಕೊಂಡಿರಲು ಆಗುವುದಿಲ್ಲ. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಆಫೀಸು ಬಾಗಿಲು ಹಾಕುವ ಹೊತ್ತಿಗೆ ಮಿಸೆಸ್ ಲೊವೆಟ್ ಏದುಸಿರು ಬಿಡುತ್ತ ಬಂದರು. ಬಂಕಿನಲ್ಲಿ ಯಾರೋ ಹಳೆಯ ಶಿಷ್ಯೆ ಹಿಡಿದು ಮಾತಿಗೆ ನಿಲ್ಲಿಸಿಕೊಂಡಿದ್ದಳಂತೆ. ಪ್ಯಾಡು ನೋಡಿ ಅವರ ಮುಖ ಅರಳಿತು.

"ನೋಡಿದ್ಯಾ ವರ್ನಾ? ಹನ್ನೊಂದು! ಯಾರೂ ಕೇಳ್ಲಿಲ್ಲ, ಯಾರೂ ಕಾಸು ಕೊಡ್ಲಿಲ್ಲ. ಜನ ತಾವಾಗೇ ಬಂದು ಹಾಕಿದ್ದಾರೆ. ನಾನು ಹೇಳೋದು ಇದೇನೇ!"

"ನೋಡಿದೆ ಟೀಚರ್," ಎಂದಳು ವರ್ನಾ. ಅವರು ಆ ಪುಟವನ್ನೂ ಮಡಚದಂತೆ ಚೀಲದಲ್ಲಿ ಇಟ್ಟುಕೊಂಡು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಕರ್ಟಿಸ್ ಬಂದ. ಇವನು ಕಂಪನಿಯ ಪರವಾಗಿ ದಕ್ಷಿಣದ ಕೌಂಟಿಗಳಲ್ಲಿ ತಿರುಗಿ ವಾರಕ್ಕೊಮ್ಮೆ ಪುಟಗಳನ್ನು ವಸೂಲು ಮಾಡುವವನು; ವರ್ನಾಗಿಂತ ಹದಿನೈದು ವರ್ಷ ಚಿಕ್ಕವನು. ಹೋಟೆಲಿನಲ್ಲಿ ಬನ್ನಿನಂಥ ಬಿಸ್ಕಿಟ್ಟಿಗೆ ಗ್ರೇವಿ ಹಾಕಿಕೊಂಡು ತಿನ್ನುತ್ತ ಕೂತಾಗ ವರ್ನಾ ತಮಾಷೆಗೆಂದು ನಡೆದದ್ದನ್ನು ಹೇಳಿದಳು. ಕರ್ಟಿಸ್ ಅಗಿಯುವುದನ್ನು ನಿಲ್ಲಿಸಿದ.

"ಪ್ರಮಾಣ ಮಾಡಿದ್ರಾ ಆ ಪುಟಕ್ಕೆ?"

"ಇನ್ನೂ ಇಲ್ಲ. ಅವರು ಶುಕ್ರವಾರ ನೋಟರಿ ಬೆವ್ ಹತ್ರ ಹೋಗ್ತಾರೆ. ಪುಟ ಒಪ್ಪಿಸೋಕೆ ಭಾನುವಾರ ಕೊನೇ ದಿನ ಅಲ್ವಾ."

"ನೋಡು ತಾಯಿ, ಶುಕ್ರವಾರದ ತನಕ ನೀನು ತುಟಿ ಪಿಟಕ್ ಅನ್ನಬೇಡ. ಮಾಡ್ಲಿ ಪ್ರಮಾಣ. ಕೈ ಎತ್ತಿ ಮಾಡ್ಲಿ. ಆಮೇಲೆ ನಮ್ಮ ಲಾಯರು ನೋಡ್ಕೋತಾನೆ. ಒಂದು ಪುಟದಲ್ಲಿ ಸುಳ್ಳು ಹೇಳಿದೋರು ಎಲ್ಲದ್ರಲ್ಲೂ ಹೇಳಿರ್ತಾರೆ, ಆ ಕೈಯಿಂದ ಬಂದ ಪುಟ ಎಲ್ಲಾ ತೆಗೀರಿ ಅಂತ ಜಡ್ಜ್‌ನ ಕೇಳ್ತಾನೆ. ಮುದುಕಿ ಒಬ್ಬಳೇ ಒಂಬೈನೂರು ತಂದಿದ್ದಾಳೆ. ಕ್ಷೇತ್ರಕ್ಕೆ ಇಷ್ಟು ಸಹಿ ಅಂತ ಲೆಕ್ಕ ಇದೆಯಲ್ಲ, ಈ ಕ್ಷೇತ್ರದಲ್ಲಿ ಅವರಿಗೆ ಅಷ್ಟು ಕಡಿಮೆ ಬಿದ್ರೆ ಅರ್ಜಿ ಸತ್ತೋಯ್ತು."

"ನಾನು ಬಂದು ಹೇಳ್ಬೇಕಾಗುತ್ತಾ?"

"ಕಂಡಿದ್ದು ಹೇಳೋದು. ಸುಳ್ಳು ಹೇಳು ಅಂತ ನಾನೇನಾದ್ರೂ ಅಂದ್ನಾ?"

"ಅವರನ್ನ ಏನ್ಮಾಡ್ತಾರೆ?"

"ಎಪ್ಪತ್ತು ದಾಟಿದ ಹೆಂಗಸನ್ನ ಯಾರು ಒಳಗೆ ಹಾಕ್ತಾರೆ? ದಂಡ ಹಾಕ್ತಾರೆ. ಪೇಪರ್ನಲ್ಲಿ ಹೆಸರು ಬರುತ್ತೆ. ಅಷ್ಟೇ." ಅವನು ತಟ್ಟೆ ಪಕ್ಕಕ್ಕೆ ಸರಿಸಿದ. "ಮುಂದಿನ ವರ್ಷದಿಂದ ದಕ್ಷಿಣದ ಆರೂ ಕೌಂಟಿ ನೀನೇ ನೋಡ್ಕೋ. ತಿಂಗಳ ಸಂಬಳ. ಕೂತು ಮಾಡೋ ಕೆಲಸ. ಬಿಸಿಲಲ್ಲಿ ನಿಲ್ಲೋದು ಬೇಡ ಇನ್ಮೇಲೆ."

ವರ್ನಾಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದೇಕೆ? ಸುಮ್ಮನಿರುವುದಕ್ಕೆ ಸಂಬಳ ಕೊಡುತ್ತೇನೆ ಎಂದು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಡಿ ಕೊಟ್ಟ ಹೆಂಗಸು ಪೇಪರಿನಲ್ಲಿ ಬರುವುದನ್ನು ಊಹಿಸಿಕೊಂಡು ಅವಳು ಎರಡನೇ ಕಪ್ ಕಾಫಿ ತರಿಸಿಕೊಂಡಳು.

ಗುರುವಾರ ಮಧ್ಯಾಹ್ನ ಬಾಗಿಲಲ್ಲಿ ಜನ ಕಡಿಮೆಯಿದ್ದರು. ಮಿಸೆಸ್ ಲೊವೆಟ್ ಕುರ್ಚಿಯನ್ನು ಸ್ವಲ್ಪ ಇತ್ತ ಎಳೆದುಕೊಂಡರು.

"ವರ್ನಾ, ಇದು ಪಾಸಾದ್ಮೇಲೆ ನೀನು ಏನ್ಮಾಡ್ತೀಯ?"

"ಈಗ ಯೋಚನೆ ಬಂತಾ ನಿಮಗೆ?"

"ಯಾವಾಗ್ಲೂ ಇತ್ತು. ಸ್ಕೂಲಿನ ಅಡುಗೆಮನೇಲಿ ಜಾಗ ಖಾಲಿ ಇದೆ. ನಾನು ಒಂದು ಮಾತು ಹೇಳಿದ್ರೆ ಆಗುತ್ತೆ."

"ಮೂವತ್ತು ಲೀಟರಿನ ಪಾತ್ರೆ ಈ ಕೈಯಲ್ಲಿ ಎತ್ತಲಾ?" ವರ್ನಾ ಮಣಿಕಟ್ಟು ಮುಂದೆ ಹಿಡಿದಳು. ಆಪರೇಷನ್ನಿನ ಹಳೆಯ ಗೆರೆಗಳು ಬೆಳ್ಳಗೆ ಕಾಣುತ್ತಿದ್ದವು. "ನನಗೆ ಇದು ಬಿಟ್ರೆ ಬೇರೆ ಇಲ್ಲ ಟೀಚರ್. ನಿಮ್ಮ ಅರ್ಜೀಲಿ ನನ್ನ ಹೆಸರಿಲ್ಲ, ಆದ್ರೆ ಅದು ನನ್ನ ಮೇಲೇನೇ."

ಮಿಸೆಸ್ ಲೊವೆಟ್ ಆ ಗೆರೆಗಳನ್ನು ನೋಡಿದರು. "ನನಗೆ ಗೊತ್ತಿರ್ಲಿಲ್ಲ," ಎಂದರು. "ಆದ್ರೂ ಇದು ಸರಿಯಾದ ಕಾನೂನು ಅಂತಲೇ ನನಗನ್ನಿಸುತ್ತೆ," ಎಂದೂ ಸೇರಿಸಿದರು. ಬೆಣ್ಣೆ ಹಚ್ಚುವ ಮಾತು ಅವರಿಗೆ ಬರುತ್ತಿರಲಿಲ್ಲ. ಒಳ್ಳೆಯದೇ ಆಯಿತು, ನಾಳೆ ಸುಮ್ಮನೆ ಕೂತಿರುವುದು ಸಲೀಸು ಎಂದುಕೊಂಡಳು ವರ್ನಾ.

ಬೆವ್ ಎಂಬವಳದು ಮುಖ್ಯ ಬೀದಿಯಲ್ಲಿ ವಿಮೆಯ ಆಫೀಸು. ಊರಿನ ನೋಟರಿಯೂ ಅವಳೇ. ಮಹಾ ಕಟ್ಟುನಿಟ್ಟಿನ ಹೆಂಗಸು: ಐವತ್ತು ಪುಟ ತಂದರೆ ಐವತ್ತು ಸಲ ಕೈ ಎತ್ತಿಸುವಳು, ಐವತ್ತು ಸಲ ಅದೇ ವಾಕ್ಯ ಓದುವಳು, ಪ್ರತಿ ಮುದ್ರೆಗೂ ಎರಡು ಡಾಲರ್ ತೆಗೆದುಕೊಳ್ಳುವಳು. ಶುಕ್ರವಾರ ಹತ್ತೂವರೆಗೆ ವರ್ನಾ ತನ್ನ ಪುಟಗಳನ್ನು ಹಿಡಿದು ಹೋದಾಗ ಮಿಸೆಸ್ ಲೊವೆಟ್ ಆಗಲೇ ಮೇಜಿನ ಮುಂದೆ ಕೂತಿದ್ದರು. ಮುಂದೆ ದೊಡ್ಡ ಕಟ್ಟು. ವರ್ನಾ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಕಾಯುವುದಷ್ಟೇ ಅವಳ ಕೆಲಸ.

"ಕೈ ಎತ್ತಿ ಮೇಡಂ. ಈ ಪುಟದ ಪ್ರತಿ ಸಹಿಯನ್ನೂ ಸಹಿದಾರರು ನಿಮ್ಮ ಕಣ್ಣೆದುರಿಗೇ ಹಾಕಿದರು ಎಂದು ಪ್ರಮಾಣ ಮಾಡ್ತೀರಾ?"

"ಮಾಡ್ತೀನಿ."

ಟಪ್. ಮುಂದಿನದು. ಮತ್ತೆ ಕೈ, ಮತ್ತೆ ಅದೇ ವಾಕ್ಯ, ಟಪ್. ಮೂವತ್ತು ದಾಟುವಷ್ಟರಲ್ಲಿ ಮಿಸೆಸ್ ಲೊವೆಟ್‌ರ ತೋಳು ನಡುಗಲು ಶುರುವಾಯಿತು. ಅವರು ಎಡಗೈಯಿಂದ ಬಲ ಮೊಣಕೈಗೆ ಆಸರೆ ಕೊಟ್ಟುಕೊಂಡರು. ಆದರೂ ಪ್ರತಿ ಸಲ 'ಮಾಡ್ತೀನಿ' ಎನ್ನುವಾಗ ತರಗತಿಯಲ್ಲಿ ಹಾಜರಿ ಕೂಗಿದಷ್ಟು ಸ್ಪಷ್ಟವಾಗಿ ಹೇಳುತ್ತಿದ್ದರು. ಆ ವಾಕ್ಯವನ್ನು ಅವರು ನಂಬಿದ್ದರು. ಬೇರೆ ಯಾರೂ ಅದನ್ನು ಅಷ್ಟು ಲಕ್ಷ್ಯವಿಟ್ಟು ಕೇಳಿಸಿಕೊಳ್ಳುವುದನ್ನು ವರ್ನಾ ನೋಡಿರಲಿಲ್ಲ, ತನ್ನನ್ನು ಬಿಟ್ಟು.

ಬೆವ್ ಮುಂದಿನ ಪುಟ ಎಳೆದುಕೊಂಡಳು. ಮೇಲ್ಗಡೆ ವಿಲ್ಬರನ ಕೊಟ್ಟಿಗೆ ಸಹಿ. ಗೋಡೆಯ ಪಕ್ಕದಿಂದಲೇ ವರ್ನಾಗೆ ಗುರುತು ಸಿಕ್ಕಿತು.

"ಕೈ ಎತ್ತಿ ಮೇಡಂ. ಈ ಪುಟದ ಪ್ರತಿ ಸಹಿಯನ್ನೂ..."

"ಆ ಪುಟ ನಿಮ್ಮದಲ್ಲ ಟೀಚರ್."

ಹೇಳಿದ್ದು ಯಾರು ಎಂದು ವರ್ನಾಗೂ ಒಂದು ಕ್ಷಣ ಅನುಮಾನ ಬಂತು. ಮೂರು ದಿನದಿಂದ ಸುಮ್ಮನಿರುವ ಅಭ್ಯಾಸ ಮಾಡಿದ್ದಳು. ಆದರೆ ಆ ವಾಕ್ಯ ಕಿವಿಗೆ ಬಿದ್ದರೆ ಸುಮ್ಮನಿರುವ ಅಭ್ಯಾಸ ಅವಳಿಗೆ ಇಪ್ಪತ್ತಮೂರು ವರ್ಷದಿಂದ ಇರಲಿಲ್ಲ.

ಎತ್ತಿದ ಕೈ ಹಾಗೇ ಇತ್ತು. "ಏನಂದೆ?" ಎಂದರು ಮಿಸೆಸ್ ಲೊವೆಟ್.

"ಮಂಗಳವಾರದ್ದು ಅದು. ನೀವು ಬಂಕಿಗೆ ಹೋಗಿದ್ರಲ್ಲ. ಹನ್ನೊಂದರಲ್ಲಿ ಒಂದನ್ನೂ ನೀವು ನೋಡ್ಲಿಲ್ಲ."

"ನಾನು ಎರಡು ಬೀದಿ ಆಚೆ ಇದ್ದೆ ಅಷ್ಟೇ. ಪ್ಯಾಡು ನಂದು, ಕುರ್ಚಿ ನಂದು. ಒಂದಾದ್ರೂ ಸುಳ್ಳು ಸಹಿ ಇದ್ಯಾ ಅದ್ರಲ್ಲಿ? ಎಲ್ಲಾ ನಿಜವಾದ ಜನ."

"ಕಾಸು ತಗೊಳ್ಳೋ ನಮ್ಮೋರೂ ಸಿಕ್ಕಿಬಿದ್ದಾಗ ಇದನ್ನೇ ಹೇಳೋದು ಟೀಚರ್. ಒಂದಕ್ಷರ ವ್ಯತ್ಯಾಸ ಇಲ್ಲ."

ಮಿಸೆಸ್ ಲೊವೆಟ್‌ರ ಕೈ ನಿಧಾನವಾಗಿ ಕೆಳಗೆ ಬಂತು. ಬೆವ್ ಮುದ್ರೆಯನ್ನು ಪಕ್ಕಕ್ಕಿಟ್ಟಳು.

"ನೀನು ಮೂರು ದಿನದಿಂದ ಯಾಕೆ ಹೇಳ್ಲಿಲ್ಲ?"

"ನೀವು ಪ್ರಮಾಣ ಮಾಡ್ಲಿ ಅಂತ. ಕರ್ಟಿಸ್‌ಗೆ ಹೇಳಿದ್ದೂ ನಾನೇ. ನೀವು ಕೈ ಎತ್ತಿದ ಮೇಲೆ ಕೋರ್ಟಿಗೆ ಹೋಗಿ ನಿಮ್ಮ ಒಂಬೈನೂರೂ ತೆಗೆಸ್ತಾ ಇದ್ದ. ನಾನೇ ಬಂದು ಸಾಕ್ಷಿ ಹೇಳ್ಬೇಕಿತ್ತು."

ಮಿಸೆಸ್ ಲೊವೆಟ್ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಅವರಿಗೆ ನಾಚಿಕೆಯಾಗಿತ್ತು, ಮೂವತ್ತನಾಲ್ಕು ವರ್ಷ ಬೇರೆಯವರ ತಪ್ಪಿನ ಕೆಳಗೆ ಕೆಂಪು ಗೆರೆ ಎಳೆದವರಿಗೆ ತಮ್ಮ ತಪ್ಪನ್ನು ಎಲ್ಲಿಟ್ಟುಕೊಳ್ಳಬೇಕು ಎಂದು ತಿಳಿಯುತ್ತಿರಲಿಲ್ಲ. ಅವರು ಆ ಪುಟವನ್ನು ಎತ್ತಿಕೊಂಡು ಎರಡೂ ಕೈಯಲ್ಲಿ ಹಿಡಿದರು, ಹರಿಯಲು.

ವರ್ನಾ ಎದ್ದು ಬಂದು ಪುಟದ ಮೇಲೆ ಅಂಗೈ ಇಟ್ಟಳು.

"ಹರೀಬೇಡಿ."

"ಪ್ರಮಾಣ ಮಾಡೋಕಾಗಲ್ಲ ಅಂದ್ಮೇಲೆ ಇದು ಕಸ."

"ನಿಮ್ಮದಲ್ಲ ಅಂದ್ನಲ್ಲ. ಸಹಿ ಹಾಕಿದೋರದ್ದು. ಕೊನೇದು ನೋಡಿ, ಯೂಲಾಲಿಯಾದು. ಅವಳು ಹುಟ್ಟಿದ ದಿನ ಹಾಕೋಳಿದ್ಲು, ಇವತ್ತಿಂದು ಹಾಕು ಅಂತ ನಾನೇ ಹೇಳ್ದೆ. ಈ ದೇಶದ ವೋಟರ್ ಆಗಿ ಅವಳು ಅರ್ಜಿಗೆ ಹಾಕಿದ ಮೊದಲ್ನೇ ಸಹಿ ಇದು. ನಾನು ಹೇಳಿ ಬರೆಸಿದ್ದನ್ನ ಬುಟ್ಟಿಗೆ ಹಾಕಿದ್ರೆ ನಾಳೆ ಆ ಬಾಗಿಲಲ್ಲಿ ಅವಳ ಮುಖ ಹೇಗೆ ನೋಡ್ಲಿ?"

ಬೆವ್ ಕುರ್ಚಿಗೆ ಒರಗಿದಳು. "ಏನೇ ವರ್ನಾ, ಅಲ್ಲಿ ನಿಂತು ಇವರೆಲ್ಲ ಹಾಕೋದನ್ನ ನೋಡ್ದೋರು ಯಾರು ಹಂಗಾದ್ರೆ?"

ಉತ್ತರ ಮೂವರಿಗೂ ಗೊತ್ತಿತ್ತು. ವರ್ನಾಳಿಗೆ ತಿಂಗಳ ಸಂಬಳವೂ ಆರು ಕೌಂಟಿಯೂ ಕೂತು ಮಾಡುವ ಕೆಲಸವೂ ಸರಿಯಾಗಿಯೇ ನೆನಪಿಗೆ ಬಂದವು. ಅವನ್ನು ಮರೆತು ಏನೋ ದೊಡ್ಡದು ಮಾಡಿದಳು ಎಂದರೆ ಸುಳ್ಳಾಗುತ್ತದೆ.

"ಫಾರಂ ಇದ್ಯಾ ನಿನ್ನ ಹತ್ರ?" ಎಂದಳು.

ಬೆವ್ ಕೆಳಗಿನ ಖಾನೆಯಿಂದ ಒಂದು ಹಾಳೆ ತೆಗೆದಳು. ಯಾವುದೇ ಅರ್ಜಿಗೆ ಸಹಿ ಸಂಗ್ರಹಿಸುವವರು ಕೊನೆಯ ದಿನದ ಒಳಗೆ ತಮ್ಮ ಹೆಸರು ನೋಂದಾಯಿಸಬೇಕು. ಆ ಫಾರಮ್ಮು ವರ್ನಾಗೆ ಕಣ್ಣು ಮುಚ್ಚಿ ತುಂಬುವಷ್ಟು ರೂಢಿ. ಹೆಸರು ಬರೆದಳು, ಟ್ರೈಲರಿನ ವಿಳಾಸ ಬರೆದಳು. ಆಮೇಲೆ ಆ ಪ್ರಶ್ನೆ: ಈ ಅರ್ಜಿಗೆ ಸಹಿ ಸಂಗ್ರಹಿಸಿದ್ದಕ್ಕೆ ನೀವು ಹಣ ಪಡೆದಿದ್ದೀರಾ, ಅಥವಾ ಪಡೆಯುವ ನಿರೀಕ್ಷೆ ಇದೆಯಾ? ಮುಂದೆ ಎರಡು ಪೆಟ್ಟಿಗೆ. ಅವಳ ಪೆನ್ನು ಅಭ್ಯಾಸಬಲದಿಂದ ಎಡಗಡೆಯ 'ಹೌದು' ಪೆಟ್ಟಿಗೆಯ ಮೇಲೆ ಹೋಗಿ ನಿಂತಿತು. ಇಪ್ಪತ್ತಮೂರು ವರ್ಷದಲ್ಲಿ ಅವಳು ಬಲಗಡೆಯದನ್ನು ಮುಟ್ಟಿರಲಿಲ್ಲ.

ಮಿಸೆಸ್ ಲೊವೆಟ್ ಆ ಪೆನ್ನನ್ನೇ ನೋಡುತ್ತಿದ್ದರು.

ವರ್ನಾ ಪೆನ್ನು ಎತ್ತಿ ಬಲಕ್ಕೆ ತಂದು 'ಇಲ್ಲ' ಪೆಟ್ಟಿಗೆಯಲ್ಲಿ ಗುರುತು ಹಾಕಿದಳು.

"ಕೈ ಎತ್ತು," ಎಂದಳು ಬೆವ್. ಗೆಳತಿ ಎಂದು ವಾಕ್ಯವನ್ನೇನೂ ಮೊಟಕು ಮಾಡಲಿಲ್ಲ, ಪೂರ್ತಿ ಓದಿದಳು. "ಮಾಡ್ತೀನಿ," ಎಂದಳು ವರ್ನಾ. ಟಪ್.

ಮಿಸೆಸ್ ಲೊವೆಟ್ ಕೈಚೀಲ ತೆರೆದರು. "ಆ ಮುದ್ರೇದು ನಾನು ಕೊಡ್ತೀನಿ."

"ಒಳಗಿಡಿ ಟೀಚರ್. ನೀವು ಕಾಸು ಬಿಚ್ಚಿದ್ರೆ ನಾನು ಆ ಪೆಟ್ಟಿಗೆ ತಿದ್ದಬೇಕಾಗುತ್ತೆ. ಕಾಸು ಕೊಟ್ಟೋರು ಯಾರು ಅಂತ ಕೆಳಗೆ ನಿಮ್ಮ ಹೆಸರೂ ಬರೀಬೇಕಾಗುತ್ತೆ." ವರ್ನಾ ತನ್ನ ಜೇಬಿನಿಂದ ಎರಡು ಡಾಲರ್ ತೆಗೆದು ಮೇಜಿನ ಮೇಲೆ ಇಟ್ಟಳು.

ಮಿಸೆಸ್ ಲೊವೆಟ್ ಚೀಲ ಮುಚ್ಚಿದರು. "ನಿನಗೆ ಹೇಗೆ ಉಪಕಾರ..."

"ಉಪಕಾರ ಗಿಪಕಾರ ಬೇಡ. ನವೆಂಬರಿನಲ್ಲಿ ಮತಗಟ್ಟೆ ಬೀದೀಲಿ ನಿಂತು ನಿಮ್ಮದಕ್ಕೆ ವೋಟು ಹಾಕಬೇಡಿ ಅಂತ ಬಂದೋರಿಗೆಲ್ಲ ಹೇಳೋಳು ನಾನೇ."

"ಕಾಸು ತಗೊಂಡಾ?"

"ಕೊಟ್ರೆ ಬಿಡ್ತೀನಾ?"

ಮಿಸೆಸ್ ಲೊವೆಟ್ ಜೋರಾಗಿ ನಕ್ಕರು, ಬೆವ್ ಕೂಡ. ಆಮೇಲೆ ಅವರು ಉಳಿದ ಪುಟಗಳಿಗೆ ಕೈ ಎತ್ತುವ ಮೊದಲು ಒಂದೊಂದನ್ನೂ ತಿರುವಿ, ಹೆಸರು ಹೆಸರು ನೋಡಿ, ಇವರೆಲ್ಲ ಸಹಿ ಹಾಕುವಾಗ ನಾನು ಅಲ್ಲಿದ್ದೆನೇ ಎಂದು ತಮ್ಮನ್ನೇ ಕೇಳಿಕೊಂಡು ಮುಂದೆ ಹೋದರು. ಅದಾಗಲು ಒಂದು ಗಂಟೆ ಹಿಡಿಯಿತು. ವರ್ನಾ ತನ್ನ ಸರದಿಗೆ ಕಾದಳು.

ಹೊರಗೆ ಬಂದು ಕಾರಿನಲ್ಲಿ ಕೂತಾಗ ಅವಳಿಗೆ ಹೆದರಿಕೆಯಾಯಿತು. ಮಣಿಕಟ್ಟು ಜುಮ್ಮೆನ್ನುತ್ತಿತ್ತು, ಸ್ಟೀರಿಂಗು ಹಿಡಿಯಲಾಗಲಿಲ್ಲ. ಮುಂದಿನ ವರ್ಷ ಏನು ಮಾಡುವುದು, ಬಾಡಿಗೆ ಹೇಗೆ ಕಟ್ಟುವುದು, ಎಂಬುದಕ್ಕೆ ಬೆಳಿಗ್ಗೆ ಅವಳಲ್ಲಿ ಉತ್ತರವಿತ್ತು, ಈಗ ಇರಲಿಲ್ಲ. ಫೋನು ಬಡಿದುಕೊಂಡಿತು. ಕರ್ಟಿಸ್.

"ಮಾಡಿದ್ಲಾ ಮುದುಕಿ ಪ್ರಮಾಣ?"

"ಮಾಡಿದ್ರು."

"ಮಂಗಳವಾರದ ಪುಟಕ್ಕೂ?"

"ಅದಕ್ಕೆ ನೋಡಿದೋರು ಮಾಡಿದ್ರು."

"ಯಾರು ನೋಡಿದೋರು?"

"ನಾನು."

ಅವನು ಬಯ್ಯುತ್ತಾನೆ ಎಂದು ವರ್ನಾ ಕಾದಿದ್ದಳು. ಆದರೆ ಅವನ ದನಿಯಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಾಗಿತ್ತು.

"ಎಷ್ಟು ಕೊಟ್ರು ನಿನಗೆ?"

"ಎರಡು ಡಾಲರ್," ಎಂದಳು ವರ್ನಾ. "ನನ್ನ ಕೈಯಿಂದ ಹೋಯ್ತು."